ಮೇಲಿನ ನಾಲ್ಕು ಕೋಣೆ

ಆ ಶಾಲೆಗೆ ಕೆಳಗೆ ಐದು ಕೋಣೆ, ಮೇಲೆ ನಾಲ್ಕು. ಕೆಳಗಿನವು ಮಕ್ಕಳವು. ಮೇಲಿನವು ಅವನವು. ಹಾಗಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಅವನು ಸರಕಾರಿ ಶಾಲೆಯ ಜವಾನ, ಅಷ್ಟೇ. ಬೆಳಿಗ್ಗೆ ಗೇಟು ತೆಗೆಯುವುದು, ಬೆಲ್ಲು ಹೊಡೆಯುವುದು, ನೀರಿನ ತೊಟ್ಟಿ ತುಂಬಿಸುವುದು, ಸಂಜೆ ಎಲ್ಲ ಬಾಗಿಲಿಗೂ ಬೀಗ ಹಾಕಿ ಜಗ್ಗಿ ನೋಡುವುದು. ಒಮ್ಮೆ ಜಗ್ಗಿದರೆ ಅವನಿಗೆ ಸಮಾಧಾನವಿಲ್ಲ. ಗೇಟಿನವರೆಗೆ ಹೋದವನು ತಿರುಗಿ ಬಂದು ಇನ್ನೊಮ್ಮೆ ಜಗ್ಗುತ್ತಿದ್ದ. ಮಕ್ಕಳು ಅವನನ್ನು ಬೀಗದ ಮಾಮ ಅಂತ ಕರೆಯುತ್ತಿದ್ದರು. ಬೀದಿಯವರ ಬಾಯಲ್ಲೂ ಅದೇ ನಿಂತಿತು. ಮದುವೆಯಾಗಿ ಬಂದ ಹೊಸದರಲ್ಲಿ ಹೆಂಡತಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅವಳನ್ನೂ ಬೀಗದ ಮಾಮನ ಮನೆಯವಳು ಅಂದರು. ರೂಢಿಯಾಯಿತು.

ಮೊದಲು ಒಂಬತ್ತೂ ಕೋಣೆ ತುಂಬಿದ್ದವು. ಬೆಂಚು ಸಾಲದೆ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು. ಅವರ ಒಬ್ಬಳೇ ಮಗಳೂ ಅಲ್ಲೇ ಓದಿದಳು. ಆಮೇಲೆ ಹಿಂದಿನ ಬೀದಿಯ ಬಟ್ಟೆ ವ್ಯಾಪಾರಿಯ ಗೋದಾಮಿನಲ್ಲಿ ಒಂದು ಖಾಸಗಿ ಶಾಲೆ ಶುರುವಾಯಿತು. ಟೈ ಕಟ್ಟಿಸಿದರು, ಬೂಟು ಹಾಕಿಸಿದರು, ಮಕ್ಕಳು ಮನೆಗೆ ಬಂದು ಅಮ್ಮನಿಗೆ ಮಮ್ಮಿ ಅಂದರು. ಅಷ್ಟು ಸಾಕಾಯಿತು. ಒಂದು ಮನೆಯವರು ಹೋದರು, ಅವರನ್ನು ನೋಡಿ ಪಕ್ಕದವರು ಹೋದರು. ಸರಕಾರಿ ಶಾಲೆಯಲ್ಲಿ ಮಕ್ಕಳು ಕರಗುತ್ತಾ ಬಂದರು. ಕೊನೆಗೆ ದೊಡ್ಡ ಟೀಚರು ಎಲ್ಲ ತರಗತಿಗಳನ್ನೂ ಕೆಳಕ್ಕೆ ಇಳಿಸಿದರು. ಶಾಲೆಯ ಮುಖ್ಯಸ್ಥೆ ಅವರೇ. ದಪ್ಪ ದೇಹ, ಮೆತ್ತಗಿನ ಮಾತು, ಯಾರ ಜೊತೆಗೂ ಜಗಳವಿಲ್ಲ.

ಮೇಲಿನ ನಾಲ್ಕು ಕೋಣೆ ಖಾಲಿಯಾದ ದಿನವೇ ಅವನು ಅವುಗಳನ್ನು ತೊಳೆದ. ಬೇರೆಯವರಾಗಿದ್ದರೆ ಬಾಗಿಲು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಇವನು ಬೆಂಚುಗಳನ್ನು ಒಂದರ ಮೇಲೊಂದು ಕಾಲು ಮೇಲಾಗಿ ಪೇರಿಸಿದ. ಕೆಳಗಿನ ಬೆಂಚಿನ ಕಾಲು ನೆಲ ಗೀರಬಾರದೆಂದು ಹಳೇ ಪೇಪರು ಮಡಿಸಿ ಇಟ್ಟ. ಕಿಟಕಿ ಚಿಲಕಗಳಿಗೆ ಎಣ್ಣೆ ಬಿಟ್ಟ. ಪ್ರತಿ ಶನಿವಾರ ಮಕ್ಕಳು ಹೋದ ಮೇಲೆ ಮೊಣಕಾಲ ಕೆಳಗೆ ಗೋಣಿ ಹಾಕಿಕೊಂಡು ನೆಲ ಒರೆಸುತ್ತಿದ್ದ. ಒಳಗಿನ ಗೋಡೆಯಿಂದ ಶುರುಮಾಡಿ ಬಾಗಿಲಿನ ಕಡೆಗೆ ಹಿಂದಕ್ಕೆ ಹಿಂದಕ್ಕೆ ಬರುತ್ತಾ, ತನ್ನ ಹೆಜ್ಜೆ ಗುರುತನ್ನೇ ಒರೆಸಿಕೊಂಡು ಹೊರಗೆ ಬರುತ್ತಿದ್ದ. ಅಲ್ಲಿ ಮನುಷ್ಯ ಕಾಲಿಟ್ಟಿದ್ದ ಅನ್ನುವುದಕ್ಕೆ ಒಂದು ಗುರುತೂ ಉಳಿಯುತ್ತಿರಲಿಲ್ಲ.

ಅವಳು ಎಷ್ಟೋ ಸಲ ಬಕೆಟ್ಟು ಹೊತ್ತಿದ್ದಳು. ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದಳು.

"ಯಾರು ಬರ್ತಾರೆ ಅಂತ ರೀ ಇಷ್ಟು ತಿಕ್ಕೋದು? ಮನೇಲಿ ಒಂದು ದಿನ ಪೊರಕೆ ಮುಟ್ಟಿದ್ದೀರಾ?"

"ಮನೇಲಿ ನೀನಿದ್ದೀಯಲ್ಲ. ಇದಕ್ಕೆ ಯಾರಿದ್ದಾರೆ?"

"ಹಾಗಾದ್ರೆ ಇಲ್ಲೇ ಇದ್ದುಬಿಡಿ. ಊಟ ತಂದುಕೊಡ್ತೀನಿ."

"ಮಕ್ಕಳು ವಾಪಸ್ ಬಂದಾಗ ಗಲೀಜಿರಬಾರದು ಕಣೇ. ಬಂದೇ ಬರ್ತಾರೆ. ಆ ಗೋದಾಮಲ್ಲಿ ಎಷ್ಟು ದಿನ ಅಂತ ಕೂರ್ತಾರೆ?"

ಹೀಗೆ ಅವನು ಕಾಯುತ್ತಾ ಇದ್ದ. ಕಾಯುತ್ತಾ ಇದ್ದವನು ಒಂದು ಕೆಲಸ ಮಾಡಿದ. ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದ.

ಮೊದಲು ಚಿತ್ರಕಲೆ ಮೇಷ್ಟ್ರು ಕೇಳಿದರು. ಮೇಲೆ ಬೆಳಕು ಚೆನ್ನಾಗಿದೆ, ಒಂದು ಕೋಣೆ ಕೊಡಿ, ಮಕ್ಕಳಿಗೆ ಬಣ್ಣ ಹಚ್ಚಿಸ್ತೀನಿ ಅಂದರು. "ಬಣ್ಣ ನೆಲಕ್ಕೆ ಚೆಲ್ಲುತ್ತೆ ಮೇಷ್ಟ್ರೇ, ಗಾರೆ ನೆಲ, ಹೀರಿಕೊಂಡುಬಿಡುತ್ತೆ" ಅಂದ ಇವನು. ಬೀದಿಯ ಹೆಂಗಸರು ಮಧ್ಯಾಹ್ನ ಹೊಲಿಗೆ ಕಲಿಯೋಕೆ ಜಾಗ ಕೇಳಿದರು. ದಾರದ ಚೂರು ಯಾರು ಗುಡಿಸ್ತಾರೆ ಅಂದ. ಶಾಲೆಯ ಎದುರು ಅಂಗಡಿ ಇಟ್ಟಿದ್ದ ದರ್ಜಿ ಬಂದು, ಸಂಜೆ ಹೊತ್ತು ಪೇಪರು ಪುಸ್ತಕ ಇಟ್ಟು ಓದೋ ಕೋಣೆ ಮಾಡೋಣ ಅಂದ. ಅವನು ಆ ಬೀದಿಗೆ ನಾಯಕ ಇದ್ದ ಹಾಗೆ. ಅಳತೆ ತೆಗೆದುಕೊಳ್ಳುತ್ತಲೇ ಲೋಕದ ಸುದ್ದಿಯೆಲ್ಲ ಹೇಳಿ ಮುಗಿಸುತ್ತಿದ್ದ.

"ಓದೋರು ಬೀಡಿ ಸೇದ್ತಾರೆ" ಅಂದ ಇವನು.

"ನಾನು ಸೇದಲ್ಲವಲ್ಲೋ."

"ನೀನು ಓದೋದೂ ಇಲ್ಲವಲ್ಲ."

ದರ್ಜಿ ಆ ಮಾತನ್ನು ವರ್ಷಗಟ್ಟಲೆ ಮರೆಯಲಿಲ್ಲ.

ಇವರೆಲ್ಲ ಮೊದಲು ದೊಡ್ಡ ಟೀಚರ ಹತ್ತಿರವೇ ಹೋಗಿದ್ದರು. ಅವರು ಯಾರಿಗೂ ಇಲ್ಲ ಅನ್ನಲಿಲ್ಲ. "ಅವನನ್ನ ಕೇಳಿ. ಅವನು ಒಪ್ಪಿದ್ರೆ ನಂದೇನಿಲ್ಲ" ಅನ್ನುತ್ತಿದ್ದರು. ಅವನಿಗೆ ಇದು ದೊಡ್ಡ ಮರ್ಯಾದೆ ಅನ್ನಿಸಿತ್ತು. ಮನೆಗೆ ಬಂದು ಹೇಳಿಕೊಳ್ಳುತ್ತಿದ್ದ. "ಟೀಚರು ನನ್ನನ್ನ ಕೇಳದೆ ಒಂದು ಕಿಟಕಿ ತೆಗೆಸಲ್ಲ ನೋಡು." ಅವಳಿಗೂ ಒಳಗೊಳಗೆ ಹೆಮ್ಮೆ. ಗಂಡನ ಮಾತು ಒಂದು ಕಡೆಯಾದರೂ ನಡೆಯುತ್ತದಲ್ಲ ಅಂತ.

ಸಾಹೇಬರು ಬಂದ ಮಧ್ಯಾಹ್ನ ಅವಳು ಅಲ್ಲೇ ಇದ್ದಳು. ಊಟದ ಡಬ್ಬಿ ತಂದಿದ್ದಳು. ದೊಡ್ಡ ಟೀಚರು ಯಾವುದೋ ಮೀಟಿಂಗಿಗೆ ಹೋಗಿದ್ದರು. ಜೀಪಿನಿಂದ ಮೂವರು ಇಳಿದರು. ಒಬ್ಬರು ಶಿಕ್ಷಣ ಕಚೇರಿಯ ಸಾಹೇಬರು, ಒಬ್ಬ ಅವರ ಗುಮಾಸ್ತ, ಇನ್ನೊಬ್ಬರು ಇಸ್ತ್ರಿ ಮುರಿಯದ ಬಿಳಿ ಅಂಗಿಯವರು. ಸಾಹೇಬರು ಮೇಲಿನ ಕೋಣೆ ನೋಡಬೇಕು ಅಂದರು.

ಅವನು ಅಷ್ಟು ವರ್ಷದಲ್ಲಿ ಈ ಮಾತು ಕೇಳಿರಲಿಲ್ಲ. ಬಂದ ಅಧಿಕಾರಿಗಳೆಲ್ಲ ದೊಡ್ಡ ಟೀಚರ ಕೋಣೆಯಲ್ಲಿ ಕೂತು, ಟೀ ಕುಡಿದು, ಕೆಳಗೆಯೇ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಮೇಲೆ ಹತ್ತಿದವರೇ ಇಲ್ಲ. ಡಬ್ಬಿ ಅವಳ ಕೈಗೆ ಕೊಟ್ಟವನೇ ಅಂಗಿಯ ಗುಂಡಿ ಹಾಕಿಕೊಂಡು ಮುಂದೆ ನಡೆದ. ಮೆಟ್ಟಿಲು ಮುಗಿದಲ್ಲಿ ನಿಂತುಬಿಟ್ಟ.

"ಸಾರ್, ತಪ್ಪು ತಿಳೀಬೇಡಿ. ಬೂಟು ಇಲ್ಲಿ ಬಿಡಬೇಕು."

ಗುಮಾಸ್ತ ಸಾಹೇಬರ ಮುಖ ನೋಡಿದ. ಸಾಹೇಬರು ನಕ್ಕು ಬೂಟು ಬಿಚ್ಚಿದರು. ಅವರ ಕಾಲುಚೀಲದಲ್ಲಿ ತೂತಿತ್ತು. ಅವಳು ಎರಡು ಮೆಟ್ಟಿಲು ಕೆಳಗೆ ಸೆರಗು ಬಾಯಿಗಿಟ್ಟುಕೊಂಡು ನಿಂತಳು.

ಒಂದೊಂದೇ ಕೋಣೆ ತೆಗೆದ. ಬಾಗಿಲು ತೆಗೆದು ಪಕ್ಕಕ್ಕೆ ಸರಿದು, ನೋಡಿ ಅನ್ನುವ ಹಾಗೆ ಕೈ ಚಾಚಿದ. ನೆಲದ ಮೇಲೆ ಕಿಟಕಿಯ ಬೆಳಕು ಕನ್ನಡಿಯ ಹಾಗೆ ಬಿದ್ದಿತ್ತು.

"ತುಂಬಾ ಚೆನ್ನಾಗಿ ಇಟ್ಟಿದ್ದೀರಿ" ಅಂದರು ಸಾಹೇಬರು. "ಇಂಥ ಕಟ್ಟಡ ನಾನು ನೋಡೇ ಇಲ್ಲ."

"ಏನೋ ಸಾರ್, ಕೈಲಾದ್ದು."

"ಇಲ್ಲಿ ಪಾಠ ಗೀಠ ಏನೂ ನಡೆಯಲ್ಲವಾ?"

"ಎಲ್ಲಿ ಸಾರ್. ನಾನು ಬಿಟ್ರೆ ತಾನೇ?"

ಸಾಹೇಬರು ಜೋರಾಗಿ ನಕ್ಕರು. ಬಿಳಿ ಅಂಗಿಯವರೂ ನಕ್ಕರು. ಅವನೂ ನಕ್ಕ. ನಕ್ಕು, ಕೇಳದೆಯೇ ಇನ್ನಷ್ಟು ಹೇಳಿದ. ಮೇಷ್ಟ್ರು ಬಂದಿದ್ದು, ಹೆಂಗಸರು ಬಂದಿದ್ದು, ದರ್ಜಿ ಬಂದಿದ್ದು, ಎಲ್ಲರನ್ನೂ ಹೇಗೆ ಹಿಂದಕ್ಕೆ ಅಟ್ಟಿದೆ ಅಂತ. ಗುಮಾಸ್ತ ಬರೆದುಕೊಳ್ಳುತ್ತಿದ್ದ. ಗುಮಾಸ್ತರು ಬರೆದುಕೊಳ್ಳದೆ ಇನ್ನೇನು ಮಾಡುತ್ತಾರೆ ಅಂತ ಅವಳೂ ಅಂದುಕೊಂಡಳು.

ಅವತ್ತು ಸಂಜೆ ಅವನು ಎರಡು ತುತ್ತು ಹೆಚ್ಚಿಗೆ ಉಂಡ. "ಇಂಥ ಕಟ್ಟಡ ನಾನು ನೋಡೇ ಇಲ್ಲ ಅಂದ್ರು ಕಣೇ. ಸಾಹೇಬರು. ಅವರ ಬಾಯಿಂದಲೇ" ಅಂತ ಅಡುಗೆಮನೆಯಲ್ಲಿ ಹೇಳಿದ, ಕೈ ತೊಳೆಯುವಾಗ ಹೇಳಿದ, ಮಲಗುವಾಗ ಇನ್ನೊಮ್ಮೆ ಹೇಳಿದ. ಅವನನ್ನು ಹೊಗಳಿದವರು ಕಡಿಮೆ. ಅವಳು ಪ್ರತಿ ಸಲವೂ ಮೊದಲ ಸಲ ಕೇಳಿದ ಹಾಗೆ ಹೂಂ ಅಂದಳು.

ಆದೇಶ ಬಂದಾಗ ವಿಷಯ ತಿಳಿಯಿತು. ಗೋದಾಮಿನ ಚಾವಣಿ ಮಕ್ಕಳಿಗೆ ಅಪಾಯವಂತೆ. ಸರಕಾರಿ ಶಾಲೆಯ ಮೇಲಿನ ಮಹಡಿ ಬಳಕೆಯಲ್ಲಿ ಇಲ್ಲವಂತೆ. ಅದನ್ನು ಖಾಸಗಿ ಶಾಲೆಗೆ ಗುತ್ತಿಗೆಗೆ ಕೊಟ್ಟಿದೆಯಂತೆ. ಬಿಳಿ ಅಂಗಿಯವರು ಆ ಶಾಲೆಯ ಕಾರ್ಯದರ್ಶಿ. ಬಳಕೆಯಲ್ಲಿ ಇಲ್ಲ ಅಂದವರು ಯಾರು ಅಂತ ಬೀದಿ ಕೇಳಿತು. ದೊಡ್ಡ ಟೀಚರು ಆದೇಶವನ್ನು ಓದಿ ಹೇಳಿದರು. ಶಾಲೆಯ ಸಿಬ್ಬಂದಿಯೇ ಹೇಳಿದ್ದು ಅಂತ ಅದರಲ್ಲಿತ್ತು.

"ಬೇರೆಯವರ ಮನೆಗೆ ಕಳ್ಳ ನುಗ್ತಾನೆ" ಅಂದ ದರ್ಜಿ, ಅಂಗಡಿಯ ಮುಂದೆ ನಾಲ್ಕು ಜನರನ್ನು ನಿಲ್ಲಿಸಿಕೊಂಡು. "ನಮ್ಮವನು ಕೈಹಿಡಿದು ಕರಕೊಂಡು ಹೋಗಿ, ಬೂಟು ಬಿಚ್ಚಿಸಿ ಒಳಗೆ ಬಿಟ್ಟಿದ್ದಾನೆ."

ಎಲ್ಲರೂ ನಕ್ಕರು. ಅವಳು ಆಗ ಚೀಲ ಹಿಡಿದು ಆ ದಾರಿಯಲ್ಲೇ ಬರುತ್ತಿದ್ದಳು. ಕೇಳಿಸದ ಹಾಗೆ ನಡೆದಳು.

ಖಾಸಗಿ ಶಾಲೆ ಮೇಲೆ ಬಂದ ಮೇಲೆ ಆ ಕಟ್ಟಡದಲ್ಲಿ ಒಂದು ದಿನ ನೆಮ್ಮದಿ ಇರಲಿಲ್ಲ. ಅವರು ಮೇಲಿನ ಅರ್ಧಕ್ಕೆ ಮಾತ್ರ ಹಳದಿ ಬಣ್ಣ ಹೊಡೆಸಿದರು. ಕೆಳಗಿನ ಅರ್ಧ ಹಳೇ ಸುಣ್ಣದಲ್ಲೇ ಉಳಿಯಿತು. ದೂರದಿಂದ ನೋಡಿದರೆ ಒಬ್ಬನೇ ಮನುಷ್ಯ ಹೊಸ ಅಂಗಿ ಹರಿದ ಲುಂಗಿ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಮೇಲೆ ಹೋಗಲು ಇದ್ದದ್ದು ಒಂದೇ ಮೆಟ್ಟಿಲಸಾಲು. ಅದು ಕೆಳಗಿನ ಜಗಲಿಯಿಂದಲೇ ಹೋಗುತ್ತಿತ್ತು. ಬೂಟುಗಳ ಸದ್ದಿಗೆ ಪಾಠ ಕೇಳಿಸಲ್ಲ ಅಂತ ಕೆಳಗಿನವರು. ನಿಮ್ಮ ಮಗ್ಗಿ ಕೂಗಾಟಕ್ಕೆ ನಮ್ಮ ಪರೀಕ್ಷೆ ನಡೆಯಲ್ಲ ಅಂತ ಮೇಲಿನವರು. ಕೊನೆಗೆ ಮೆಟ್ಟಿಲ ಬುಡಕ್ಕೆ ಕಬ್ಬಿಣದ ಗ್ರಿಲ್ಲು ಬಂತು. ಮೈದಾನದ ಮಧ್ಯೆ ಹಗ್ಗ ಬಂತು. ನಲ್ಲಿ ಯಾರದ್ದು ಅನ್ನುವುದು ತೀರ್ಮಾನವಾಗಲೇ ಇಲ್ಲ. ಗೇಟಿನ ಹತ್ತಿರ ತಾಯಂದಿರು ಎರಡು ಗುಂಪಾಗಿ ನಿಲ್ಲತೊಡಗಿದರು. ಒಂದೇ ಮನೆಯ ಓರಗಿತ್ತಿಯರು, ಒಬ್ಬಳ ಮಗು ಮೇಲೆ, ಇನ್ನೊಬ್ಬಳ ಮಗು ಕೆಳಗೆ. ಮನೆಯಲ್ಲಿ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದವರು ಗೇಟಿನಲ್ಲಿ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದರು.

ಜವಾನನಿಗೆ ಗ್ರಿಲ್ಲಿನ ಆಚೆ ಪ್ರವೇಶವಿರಲಿಲ್ಲ. ಮೇಲಿನವರು ತಮ್ಮದೇ ಆಳು ಇಟ್ಟುಕೊಂಡಿದ್ದರು. ಶನಿವಾರ ಮಕ್ಕಳು ಹೋದ ಮೇಲೆ ಅವನು ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಮಾಡಲು ಕೆಲಸವಿಲ್ಲ, ಮನೆಗೂ ಬರುತ್ತಿರಲಿಲ್ಲ.

"ಬೆಂಚು ದರದರ ಎಳೀತಾರೆ" ಅನ್ನುತ್ತಿದ್ದ ಅವಳ ಹತ್ತಿರ. "ಎತ್ತಿ ಇಡಲ್ಲ. ಕೇಳಿಸುತ್ತೆ ನನಗೆ ಕೆಳಗೆ."

"ಕೇಳಿಸಿಕೊಬೇಡಿ."

"ಕಿವಿ ಇದೆಯಲ್ಲ."

ಬೀದಿಯವರು ಅರ್ಜಿ ಹಾಕಿದರು. ದರ್ಜಿಯೇ ಓಡಾಡಿದ. ಮೇಲಿನ ಮಹಡಿ ಬಳಕೆಯಲ್ಲಿತ್ತು, ಅದನ್ನು ವಾಪಸು ಕೊಡಬೇಕು ಅಂತ. ವಿಚಾರಣೆಗೆ ದಿನ ಕೊಟ್ಟರು. ಎಲ್ಲ ನಿಂತದ್ದು ಜವಾನನ ಒಂದು ಮಾತಿನ ಮೇಲೆ. ಅವತ್ತು ತಿಳಿಯದೆ ಹೇಳಿದೆ, ಅಲ್ಲಿ ಪಾಠ ನಡೆಯುತ್ತಿತ್ತು ಅಂತ ಅವನು ಹೇಳಬೇಕು. ಅಷ್ಟು ಹೇಳಿದರೆ ಕೋಣೆಗಳು ವಾಪಸು ಬರುತ್ತವೆ ಅಂತ ವಕೀಲರು ಹೇಳಿದ್ದರಂತೆ. ದರ್ಜಿ ಮನೆಗೇ ಬಂದು ಕೂತ. ಜವಾನ ತಲೆ ತಗ್ಗಿಸಿಕೊಂಡು ಕೇಳಿ, ಆಯಿತು ಅಂದ.

ಆ ವಾರ ಅಡುಗೆಮನೆಯಲ್ಲಿ ಅವಳೇ ಸಾಹೇಬಳಾದಳು. ಸೌಟು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದಳು.

"ಮೇಲಿನ ಕೋಣೇಲಿ ಏನು ನಡೀತಿತ್ತು?"

"ಪಾಠ."

"ಯಾವ ಪಾಠ?"

"ನೀನು ಜಾಸ್ತಿ ಕೇಳ್ತೀಯ."

"ಅವರೂ ಕೇಳ್ತಾರೆ ರೀ. ಚಿತ್ರ ಬರೀತಿದ್ರು ಅನ್ನಿ."

"ಬಣ್ಣದ ಗುರುತು ಎಲ್ಲಿ ಅಂದ್ರೆ?"

"ಒರೆಸಿದೆ ಅನ್ನಿ."

ಅವನು ನಕ್ಕುಬಿಟ್ಟ. ಅವಳೂ ನಕ್ಕಳು. ತುಂಬಾ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿತ್ತು. ಸಾರು ಉಕ್ಕಿ ಒಲೆಗೆ ಚೆಲ್ಲಿತು. ಹೇಳಿಬಿಡ್ತಾನೆ ಅಂತ ಅವಳಿಗೆ ಧೈರ್ಯ ಬಂತು.

ವಿಚಾರಣೆ ಕಚೇರಿಯ ಉದ್ದನೆಯ ಕೋಣೆಯಲ್ಲಿ. ಬೀದಿಯವರು ಗೋಡೆಗೆ ಒರಗಿ ನಿಂತಿದ್ದರು. ಅವಳೂ ಅವರ ನಡುವೆ ನಿಂತಿದ್ದಳು. ಮುಂದೆ ಕುರ್ಚಿಯಲ್ಲಿ ಕಾರ್ಯದರ್ಶಿ, ಇನ್ನೊಂದು ಕುರ್ಚಿಯಲ್ಲಿ ದೊಡ್ಡ ಟೀಚರು, ತೊಡೆಯ ಮೇಲೆ ಕೈಚೀಲ. ಮೇಜಿನ ಆಚೆ ಅವತ್ತು ಬೂಟು ಬಿಚ್ಚಿದ ಸಾಹೇಬರೇ ಕೂತಿದ್ದರು. ಅವನನ್ನು ನೋಡಿ ಗುರುತು ಹಿಡಿದು ನಕ್ಕರು. ಒಳ್ಳೆಯ ಮನುಷ್ಯರೇ. ಅದೇ ಕಷ್ಟವಾಯಿತು.

"ಮೇಲಿನ ಕೋಣೆಗಳು ಬಳಕೆಯಲ್ಲಿದ್ವಾ?"

"ಇದ್ವು ಸಾರ್."

ಬೀದಿ ಉಸಿರು ಬಿಟ್ಟಿತು.

"ಅವತ್ತು ನೀವೇ ನನಗೆ ಹೇಳಿದ್ರಲ್ಲ, ಯಾರನ್ನೂ ಬಿಡಲ್ಲ ಅಂತ. ಅವತ್ತು ಸುಳ್ಳು ಹೇಳಿದ್ರಾ?"

ಅವನು ಬಾಯಿ ತೆರೆದ. ತಿರುಗಿ ದೊಡ್ಡ ಟೀಚರ ಕಡೆ ನೋಡಿದ. ಅವರು ಕೈಚೀಲದ ಗುಂಡಿ ತೆಗೆದು ಹಾಕುತ್ತಿದ್ದರು. ಟಕ್, ಟಕ್. ಅವನು ಸ್ವಲ್ಪ ಹೊತ್ತು ಆ ಗುಂಡಿಯನ್ನೇ ನೋಡಿದ. ಆಮೇಲೆ ಮೇಜಿನ ಕಡೆ ತಿರುಗಿದ.

"ಇಲ್ಲ ಸಾರ್. ಅವತ್ತು ಹೇಳಿದ್ದೇ ನಿಜ. ಮಕ್ಕಳು ಬರ್ತಿದ್ರು, ಬಿಟ್ಟಿದ್ರೆ. ಎಲ್ಲರೂ ಬರ್ತಿದ್ರು. ಬಿಡದೇ ಇದ್ದವನು ನಾನು. ಅವು ಖಾಲಿ ಕೋಣೆಗಳಲ್ಲ ಸಾರ್. ನಾನು ಖಾಲಿ ಇಟ್ಟ ಕೋಣೆಗಳು. ನನ್ನ ತಪ್ಪಿಗೆ ಶಾಲೆಯಿಂದ ಕಿತ್ಕೋಬೇಡಿ. ನನ್ನನ್ನ ಬೇಕಾದ್ರೆ ಕೆಲಸದಿಂದ ತೆಗೀರಿ."

"ಅಂದ್ರೆ ಬಳಕೆ ಇರಲಿಲ್ಲ" ಅಂದರು ಸಾಹೇಬರು ಮೆತ್ತಗೆ. ಗುಮಾಸ್ತ ಬರೆದುಕೊಂಡ.

ಅಲ್ಲಿಗೆ ಮುಗಿಯಿತು. ಗುತ್ತಿಗೆ ಗಟ್ಟಿಯಾಯಿತು. ಹೊರಗೆ ಬಂದಾಗ ದರ್ಜಿ ಅವನ ಮುಂದೆ ನಿಂತು, ಏನೋ ಹೇಳಲು ಹೋಗಿ, ಕೆಳಗೆ ಉಗುಳಿ ನಡೆದುಬಿಟ್ಟ. ಗಂಡ ಹೆಂಡತಿ ನಡೆದುಕೊಂಡು ಮನೆಗೆ ಬಂದರು. ಅರ್ಧ ದಾರಿ ಅವಳು ತಡೆದುಕೊಂಡಳು.

"ಒಂದು ಮಾತು. ಒಂದೇ ಒಂದು ಮಾತು ಹೇಳೋಕೆ ಆಗಲಿಲ್ಲವಾ ನಿಮಗೆ?"

ಅವನು ನಡೆಯುತ್ತಿದ್ದ.

"ನಿಮಗೆ ಆ ನೆಲ ಬೇಕಿತ್ತು. ಶಾಲೆ ಯಾವತ್ತೂ ಬೇಕಿರಲಿಲ್ಲ."

ಅವನು ಒಂದು ಕ್ಷಣ ನಿಂತ. ಚಪ್ಪಲಿಯಲ್ಲಿ ಕಲ್ಲು ಸೇರಿದವನ ಹಾಗೆ ಕಾಲು ಕೊಡವಿದ. ಮತ್ತೆ ನಡೆದ. ಆ ಮಾತಿಗೆ ಅವನು ಅವತ್ತೂ ಉತ್ತರ ಕೊಡಲಿಲ್ಲ, ಆಮೇಲೂ ಕೊಡಲಿಲ್ಲ.

ಬಾಯಿಗೆ ಬಂದದ್ದನ್ನು ಅನ್ನುವುದು ಅವಳ ಸ್ವಭಾವ. ಮದುವೆಯಾದಾಗಿನಿಂದ ಎಷ್ಟೋ ಅಂದಿದ್ದಳು. ಅವನು ಕಿವಿಯ ಮೇಲೆ ಹಾಕಿಕೊಳ್ಳದೆ ಊಟಕ್ಕೆ ಕೂರುತ್ತಿದ್ದ. ಇದೂ ಹಾಗೇ ಹೋಗುತ್ತದೆ ಅಂದುಕೊಂಡಳು. ಹೋಗಲಿಲ್ಲ. ಅವನು ಊಟಕ್ಕೆ ಕೂತ, ಉಂಡ, ತಟ್ಟೆ ತೊಳೆದಿಟ್ಟ. ಬೇಕಾದದ್ದು ಕೇಳುತ್ತಿದ್ದ, ಕೇಳಿದ್ದಕ್ಕೆ ಹೇಳುತ್ತಿದ್ದ. ಜಗಳ ಏನೂ ಇಲ್ಲ. ಶಾಲೆಯ ವಿಷಯ ಮಾತ್ರ ಮನೆಯೊಳಗೆ ತರುವುದನ್ನು ಬಿಟ್ಟ. ಅವನ ಮಾತಿನಲ್ಲಿ ಶಾಲೆ ಬಿಟ್ಟರೆ ಉಳಿಯುತ್ತಿದ್ದದ್ದೇ ಸ್ವಲ್ಪ.

ಅದೇ ಹೊತ್ತಿಗೆ ಮಗಳು ತನ್ನ ಮಗುವನ್ನು ಶಾಲೆಗೆ ಸೇರಿಸಬೇಕಾಯಿತು. ಮಗಳ ಮನೆ ಎರಡು ಬೀದಿ ಆಚೆ. ಅಪ್ಪನನ್ನು ಕೇಳಲು ಹೆದರಿ ಅಮ್ಮನ ಹತ್ತಿರ ಬಂದಳು.

"ಅಮ್ಮಾ, ಮೇಲಿನ ಶಾಲೆಗೇ ಹಾಕ್ತೀವಿ. ಇವರದ್ದೂ ಅದೇ ಆಸೆ. ಅಪ್ಪನಿಗೆ ನೀನೇ ಹೇಳಮ್ಮ."

ಅವಳು ಹೇಳಿದಳು. ಅವನು ಅಂಗಿ ಮಡಿಸುತ್ತಿದ್ದ.

"ಹಾಕಲಿ. ಓದೋ ಮಗು. ಎಲ್ಲಿ ಚೆನ್ನಾಗಿ ಹೇಳಿಕೊಡ್ತಾರೋ ಅಲ್ಲಿ ಓದಲಿ."

ದಿನಾ ಬೆಳಿಗ್ಗೆ ಮೊಮ್ಮಗಳು ಗೇಟಿನಿಂದ ತಾತನ ಕೈ ಹಿಡಿದುಕೊಂಡು ಬರುತ್ತಿದ್ದಳು. ಗ್ರಿಲ್ಲಿನವರೆಗೆ ಅವನು ಚೀಲ ಹೊತ್ತು ತರುತ್ತಿದ್ದ. ಅಲ್ಲಿ ಅವಳ ಬೆನ್ನಿಗೆ ಏರಿಸುತ್ತಿದ್ದ. ಅವಳು ಹತ್ತಿ ಹೋಗುವುದನ್ನು ನೋಡಿ, ಹಿಂತಿರುಗಿ ಬಂದು ಬೆಲ್ಲು ಹೊಡೆಯುತ್ತಿದ್ದ. ದರ್ಜಿಯ ಮೊಮ್ಮಗನೂ ಆ ಮೆಟ್ಟಿಲನ್ನೇ ಹತ್ತುತ್ತಿದ್ದ. ಅದನ್ನು ಯಾರೂ ಎತ್ತಿ ಆಡಲಿಲ್ಲ. ದರ್ಜಿಯ ಬಾಯಲ್ಲಿ ಇದ್ದದ್ದು ಒಂದೇ ಮಾತು: "ಇವನು ಅವತ್ತು ಒಂದು ಮಾತು ಹೇಳಿದ್ರೆ ಮಕ್ಕಳಿಗೆ ಈ ಗತಿ ಬರ್ತಿತ್ತಾ?" ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಅದು ಜವಾನನ ಕಿವಿಗೆ ಬೀಳುತ್ತಿತ್ತು. ಅವನು ಸುತ್ತುಬಳಸಿ ಬರುವ ದಾರಿ ಹಿಡಿದ. ಅಂಗಡಿಯ ಎದುರಿಗೇ ಇದ್ದ ತನ್ನ ಮನೆಗೆ ಹಿಂದಿನ ಬೀದಿಯಿಂದ ಬರುತ್ತಿದ್ದ.

ನಿವೃತ್ತಿಯಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಎದೆಯಲ್ಲಿ ನೀರು ತುಂಬಿತು ಅಂದರು. ಆಸ್ಪತ್ರೆಯ ಮಂಚದ ಮೇಲೆ ಅವನ ಪಾದಗಳು ಸಣ್ಣದಾಗಿ ಕಾಣುತ್ತಿದ್ದವು. ಅವಳು ಪಕ್ಕದಲ್ಲಿ ಕೂತು ಗಂಜಿ ಕುಡಿಸಿದಳು. ಅವತ್ತು ದಾರಿಯಲ್ಲಿ ಅಂದದ್ದನ್ನು ವಾಪಸು ತೆಗೆದುಕೊಳ್ಳಬೇಕು ಅಂತ ಅವಳಿಗೆ ಇತ್ತು. ನಾಳೆ ಸ್ವಲ್ಪ ಸುಧಾರಿಸಲಿ, ಆಮೇಲೆ ಹೇಳೋಣ ಅಂತಲೂ ಇತ್ತು. ಅವನು ಸುಧಾರಿಸಲಿಲ್ಲ. ಕೊನೆಗೆ ಕೇಳಿದ್ದು ನೀರು. ಬೇರೇನೂ ಅಲ್ಲ.

ಕೆಲವು ದಿನ ಕಳೆದ ಮೇಲೆ ದೊಡ್ಡ ಟೀಚರು ಬಂದರು. ಅವರೂ ನಿವೃತ್ತರಾಗಿದ್ದರು. ಹೊಸ್ತಿಲು ದಾಟಲು ಗೋಡೆ ಹಿಡಿದುಕೊಂಡರು. ಕುರ್ಚಿಯಲ್ಲಿ ಕೂತು ತುಂಬಾ ಹೊತ್ತು ಮಂಡಿ ನೀವಿಕೊಂಡರು. ಅವಳು ನೀರು ತಂದಿಟ್ಟಳು.

"ಈ ಮಂಡಿ ನೋಡಮ್ಮ" ಅಂದರು. "ಆಗಲೇ ಶುರುವಾಗಿತ್ತು ನನಗೆ. ಮೇಲೆ ಹತ್ತೋಕೆ ಆಗ್ತಿರಲಿಲ್ಲ. ಮೇಲೆ ತರಗತಿ ಇದ್ರೆ ನಾನು ದಿನಾ ಹತ್ತಬೇಕು, ನೋಡಬೇಕು. ಅದಕ್ಕೇ ಎಲ್ಲರನ್ನೂ ಕೆಳಗೆ ಇಳಿಸಿದ್ದು. ಮಕ್ಕಳು ಕಡಿಮೆ ಇದ್ರು ನಿಜ. ಆದ್ರೆ ಎರಡು ತರಗತಿ ಮೇಲೆ ಇರಿಸಬಹುದಿತ್ತು."

ಅವಳು ಲೋಟವನ್ನು ಟೀಚರ ಹತ್ತಿರಕ್ಕೆ ಸರಿಸಿದಳು.

"ಕೇಳೋಕೆ ಬಂದವರಿಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರ್ತಿರಲಿಲ್ಲ. ಅವನ ಕಡೆ ತೋರಿಸಿಬಿಡ್ತಿದ್ದೆ. ಅವನು ಇಲ್ಲ ಅಂತಾನೆ ಅಂತ ನನಗೆ ಗೊತ್ತಿತ್ತಲ್ಲ."

"ಅವರಿಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು. ಒಂದು ಸಲ ಅವನೇ ಅಂದಿದ್ದ. ನೀವು ಹತ್ತಬೇಡಿ ಟೀಚರೇ, ಮೇಲಿಂದು ನಾನು ನೋಡ್ಕೋತೀನಿ ಅಂತ."

ನೀರಿನ ಲೋಟ ಹಾಗೇ ಇತ್ತು.

"ವಿಚಾರಣೆಯಲ್ಲಿ ಅವನು ನನ್ನ ಕಡೆ ನೋಡಿದ. ನಾನು ಹೇಳ್ತೀನಿ ಅಂತ ನೋಡಿದ. ನಾನು ಮುಖ್ಯಸ್ಥೆ, ತೀರ್ಮಾನ ನಂದು, ಜವಾನ ಏನು ಮಾಡ್ತಾನೆ ಅಂತ ಒಂದು ಮಾತು ಹೇಳಿದ್ರೆ ವಿಷಯ ಬೇರೆ ಆಗ್ತಿತ್ತೇನೋ. ಪಿಂಚಣಿಗೆ ಏನಾದ್ರೂ ತೊಂದರೆ ಆದ್ರೆ ಅಂತ ಹೆದರಿದೆ. ಸುಮ್ಮನೆ ಕೂತೆ."

ಅವಳು ಟೀಚರ ಮುಖವನ್ನೇ ನೋಡಿದಳು. ವಯಸ್ಸಾದ ಮುಖ. ಅಳು ಬಂದಿತ್ತು. ಅವಳಿಗೆ ಅದನ್ನು ನೋಡಿ ಕನಿಕರ ಬರಬೇಕಿತ್ತು. ಬರಲಿಲ್ಲ.

"ಇದನ್ನ ಈಗ ನನ್ನ ಹತ್ತಿರ ಯಾಕೆ ಹೇಳ್ತೀರಿ ಟೀಚರೇ? ಅವರಿದ್ದಾಗ ಹೇಳೋದಲ್ಲವಾ. ಆಗಲ್ಲ ಅಂದ್ರೆ ಎದುರಿನ ಅಂಗಡೀಲಿ ಹೇಳಿ. ಅಲ್ಲಿ ಕೇಳೋರು ತುಂಬಾ ಜನ ಇದ್ದಾರೆ."

ಟೀಚರು ತಲೆ ತಗ್ಗಿಸಿದರು. ಗೋಡೆ ಹಿಡಿದು ಎದ್ದರು. ಅಂಗಡಿಯ ಕಡೆ ಹೋಗಲಿಲ್ಲ. ರಿಕ್ಷಾ ಹಿಡಿದು ಹೋದರು.

ಅವರು ಹೋದ ಮೇಲೆ ಅವಳು ಮನಸ್ಸಿನಲ್ಲಿ ಬೈದದ್ದು ಟೀಚರಿಗಲ್ಲ, ತನಗೇ. ಟೀಚರು ಸುಮ್ಮನೆ ಕೂತಿದ್ದರು, ಅಷ್ಟೇ. ದಾರಿಯಲ್ಲಿ ಬಾಯಿ ಬಿಟ್ಟವಳು ತಾನು. ಬೀದಿ ಅವನಿಗೆ ಹೊರಗೆ ಅಂದದ್ದನ್ನು ತಾನು ಅವನ ಜೊತೆ ನಡೆಯುತ್ತಾ, ಅವನಿಗೆ ಮಾತ್ರ ಕೇಳಿಸುವಷ್ಟು ಹತ್ತಿರದಿಂದ ಅಂದಿದ್ದಳು.

ಗುತ್ತಿಗೆಯ ಅವಧಿ ಮುಗಿಯುತ್ತಾ ಬಂದಿತ್ತು. ಬೀದಿಯಲ್ಲಿ ಮತ್ತೆ ಅರ್ಜಿಯ ಮಾತು ಎದ್ದಿತು. ದರ್ಜಿ ಕಾಗದ ಹಿಡಿದು ಮನೆಮನೆಗೆ ಹೋದವನು ಅವಳ ಮನೆಗೂ ಬಂದ. ಜವಾನನ ಸಾವಿನ ದಿನ ಬಂದು ನಿಂತದ್ದು ಬಿಟ್ಟರೆ, ವಿಚಾರಣೆಯ ಮೇಲೆ ಅವನು ಆ ಮನೆಯ ಮೆಟ್ಟಿಲು ತುಳಿದದ್ದು ಅವತ್ತೇ.

"ಅತ್ತಿಗೇ, ಒಂದು ಸಹಿ ಹಾಕಿ. ಈ ಸಲ ಕೋಣೆ ನಮಗೆ ಬಂದೇ ಬರುತ್ತೆ. ಕೆಡಿಸೋರು ಯಾರೂ ಇಲ್ಲ."

ಅಂದಮೇಲೆ, ಯಾರ ಮನೆಯಲ್ಲಿ ನಿಂತು ಏನು ಅಂದೆ ಅಂತ ಅವನಿಗೂ ತಿಳಿಯಿತು. ಕಾಗದವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಬಂದ್ರೆ ಅಲ್ಲಿ ಯಾರನ್ನ ಕೂರಿಸ್ತೀರಿ?" ಅಂದಳು ಅವಳು. "ಈಗ ಕೆಳಗೂ ಎರಡು ಕೋಣೆ ಖಾಲಿ ಬಿದ್ದಿವೆ."

"ಅದು ಆಮೇಲಿನ ಮಾತು. ಮೊದಲು ಬರಲಿ."

"ನಿಮ್ಮ ಮೊಮ್ಮಗ ಎಲ್ಲಿ ಓದ್ತಾನೆ?"

"ಅದೇ ಬೇರೆ, ಇದೇ ಬೇರೆ ಅತ್ತಿಗೇ."

"ಬೇರೆ ಹೇಗೆ? ನನ್ನ ಮೊಮ್ಮಗಳೂ ಮೇಲೇ ಓದ್ತಾಳೆ. ನೀವು ನಿಮ್ಮವನನ್ನ ಕೆಳಗೆ ಸೇರಿಸಿ. ನಾನು ಮಗಳ ಹತ್ತಿರ ಮಾತಾಡಿ ನನ್ನವಳನ್ನ ಕೆಳಗೆ ಸೇರಿಸ್ತೀನಿ. ಆಮೇಲೆ ಇಬ್ಬರೂ ಕೂತು ಸಹಿ ಹಾಕೋಣ. ನಾನು ಇಲ್ಲೇ ಇರ್ತೀನಿ. ಎಲ್ಲೂ ಓಡಿಹೋಗಲ್ಲ."

ದರ್ಜಿ ನಗಲು ನೋಡಿದ. "ಮಕ್ಕಳ ಭವಿಷ್ಯದ ಜೊತೆ ಆಟ ಆಡೋಕಾಗುತ್ತಾ ಅತ್ತಿಗೇ" ಅಂದ.

"ನಮ್ಮ ಮನೆಯವರು ಮಾಡಿದ್ದನ್ನ ಮಾತ್ರ ಎಷ್ಟು ವರ್ಷ ಬೇಕಾದ್ರೂ ಆಡಿಕೊಬಹುದು" ಅಂದಳು. "ಆ ಕೋಣೆ ಅವರು ಖಾಲಿ ಇಟ್ರು, ಒಪ್ಪಿದೆ. ಖಾಲಿ ಮಾಡಿದ್ದು ಯಾರು? ಮೊದಲು ಮಕ್ಕಳನ್ನ ಬಿಡಿಸಿಕೊಂಡು ಹೋದವರು ಯಾರ ಮನೆಯವರು?"

ಹೇಳಿದಳೇ ಹೊರತು ಗೆದ್ದ ಹಾಗೆ ಅನ್ನಿಸಲಿಲ್ಲ. ಕೇಳಬೇಕಾದವನು ಮನೆಯಲ್ಲಿರಲಿಲ್ಲ. ದರ್ಜಿ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ಹೋದ.

ಆಡಿದ ಮಾತು ಉಳಿಸಿಕೊಳ್ಳಬೇಕೆಂದು ಅವಳು ಮಗಳ ಮನೆಗೆ ಹೋದಳು. ಮಗಳು ಬಟ್ಟೆ ಒಣಹಾಕುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ಅಮ್ಮಾ, ಅಲ್ಲಿ ಈಗ ಮೂರು ತರಗತಿಗೆ ಒಬ್ಬರೇ ಟೀಚರು. ಗೊತ್ತಾ ನಿನಗೆ? ಇವಳು ಈಗ ತಾನೇ ಚೆನ್ನಾಗಿ ಓದೋಕೆ ಶುರುಮಾಡಿದ್ದಾಳೆ."

"ಎಲ್ಲರೂ ಹೀಗೇ ಅಂದ್ರೆ..."

"ಎಲ್ಲರೂ ಹೀಗೇ ಅಂತಾರಮ್ಮ. ಅಪ್ಪನೇ ಅಂದಿದ್ರಲ್ಲ, ಎಲ್ಲಿ ಚೆನ್ನಾಗಿ ಹೇಳಿಕೊಡ್ತಾರೋ ಅಲ್ಲಿ ಓದಲಿ ಅಂತ."

ಅವಳು ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆ ಹಿಂಡಿ ಮಗಳ ಕೈಗೆ ಕೊಟ್ಟಳು.

ಅರ್ಜಿ ಹೋಗಲೇ ಇಲ್ಲ. ದರ್ಜಿ ಮತ್ತೆ ಆ ಕಾಗದ ತೆಗೆಯಲಿಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ. ಗುತ್ತಿಗೆ ಮುಂದುವರಿಯಿತು. ಕೆಳಗಿನ ಎರಡು ಖಾಲಿ ಕೋಣೆಗಳನ್ನೂ ಖಾಸಗಿ ಶಾಲೆ ಕೇಳಿದೆ ಅನ್ನುವ ಸುದ್ದಿ ಬಂತು. ಕೊಟ್ಟಾರು. ಈ ಸಲ ಕೊಟ್ಟರೆ ಬೈಯುವುದಕ್ಕೆ ಬೀದಿಗೆ ಯಾರೂ ಸಿಗುವುದಿಲ್ಲ.

ಆ ಕೋಣೆಗಳು ಯಾರಿಗೂ ಬೇಡವಾಗಿದ್ದಾಗ ಬೇಕು ಅಂದುಕೊಂಡು ನೋಡಿಕೊಂಡವನು ಅವನೊಬ್ಬ. ನೋಡಿಕೊಂಡದ್ದು ತಪ್ಪಾಗಿ ನೋಡಿಕೊಂಡ, ಅದು ನಿಜ. ಆದರೂ ಅವನಿಗೆ ಶಾಲೆ ಬೇಕಿತ್ತು. ಇಷ್ಟೇ ಮಾತು. ದಾರಿಯಲ್ಲಿ ಅವನು ಕಾಲು ಕೊಡವುತ್ತಾ ನಿಂತಿದ್ದಾಗ ಹೇಳಬಹುದಿತ್ತು. ಆಸ್ಪತ್ರೆಯಲ್ಲಿ ನೀರು ಕುಡಿಸಿ ಬಾಯಿ ಒರೆಸುವಾಗ ಹೇಳಬಹುದಿತ್ತು. ಅವಳು ಹೇಳಲಿಲ್ಲ.